ಅಳಿಸಬೇಕಿದ್ದ ಸಾಲು

ಊರು ಇನ್ನೂ ಊರಾಗಿದ್ದ, ಕೆರೆಗೆ ಇನ್ನೂ ನೀರಿನ ನೆನಪಿದ್ದ ಕಾಲದಲ್ಲಿ ಗೋಡೆಯ ಮೇಲೆ ಬರೆಯುವವನೊಬ್ಬನಿದ್ದ. ಅವನ ಹತ್ತಿರ ಹಾಳೆಯಿರಲಿಲ್ಲ, ಶಾಯಿಯಿರಲಿಲ್ಲ. ಕೆಮ್ಮಣ್ಣು ಕಲಸಿದ ಒಂದು ಡಬ್ಬ, ತುದಿ ಜಜ್ಜಿದ ಒಂದು ಈಚಲು ಕಡ್ಡಿ, ಅಷ್ಟೇ. ಊರಿನಾಚೆ ಒಬ್ಬ ರಾಕ್ಷಸ ಉದ್ದನೆಯ ಬಿಳಿ ಗೋಡೆ ಕಟ್ಟಿಸಿ ಅದರೊಳಗೆ ಕೂತಿದ್ದ. ಬೆಳಿಗ್ಗೆ ಅವನು ಒಮ್ಮೆ ಕೂಗಿದರೆ ಊರಿನ ಗಂಡಸರು ಹೆಂಗಸರೆಲ್ಲ ಓಡಿಹೋಗಿ ಅವನ ಬಾಯೊಳಗೆ ಇಳಿಯುತ್ತಿದ್ದರು. ಸಂಜೆ ಇನ್ನೊಮ್ಮೆ ಕೂಗಿದರೆ ಸ್ವಲ್ಪ ಸಣ್ಣಗಾಗಿ ಹೊರಗೆ ಬರುತ್ತಿದ್ದರು. ಗೋಡೆಯವನು ಸೂರ್ಯ ಹುಟ್ಟುವ ಮುಂಚೆ ಆ ಗೋಡೆಯ ಮೇಲೆ ಒಂದು ಸಾಲು ಬರೆಯುತ್ತಿದ್ದ. ದಿನಕ್ಕೊಂದೇ ಸಾಲು. ಓದು ಬಂದವರು ಓಡುತ್ತಲೇ ಓದಿಕೊಳ್ಳುತ್ತಿದ್ದರು, ಬಾರದವರಿಗೆ ಪಕ್ಕದವರು ಹೇಳುತ್ತಿದ್ದರು. ಮಧ್ಯಾಹ್ನದೊಳಗೆ ರಾಕ್ಷಸನ ಹೊಟ್ಟೆಯಲ್ಲೆಲ್ಲ ಆ ಸಾಲು ಓಡಾಡುತ್ತಿತ್ತು. ಅವನಿಗೆ ಹೊಟ್ಟೆನೋವು ಬಂದು ಗೋಡೆಗೆ ಸುಣ್ಣ ಬಳಿಸುತ್ತಿದ್ದ. ಅವನು ಬಳಿಸಿದಷ್ಟೂ ಗೋಡೆಯವನಿಗೆ ನಾಳೆಗೊಂದು ಹೊಸ ಹಾಳೆ.

"ಹೂಂ," ಅನ್ನುತ್ತಿದ್ದೆ ನಾನು.

ಅಜ್ಜಿಯ ಕತೆಗೆ ಹೂಂಗುಟ್ಟುವುದು ನನ್ನ ಕೆಲಸ. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಲಿಂಗರಾಜಪುರದ ನಮ್ಮ ಮನೆಯ ನಡುಕೋಣೆಯಲ್ಲಿ, ರೈಲು ಹೋದಾಗ ಪಾತ್ರೆಗಳು ಸಣ್ಣಗೆ ನಡುಗುವ ಗೂಡಿನ ಕೆಳಗೆ, ಅವಳ ಸೀರೆಯ ಸೆರಗು ಹೊದ್ದು ನಾನು ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ.

ಗೋಡೆಯವನಿಗೆ ಒಬ್ಬಳು ಹೆಂಡತಿಯಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ಅವಳು ಮುದ್ದೆ ತೊಳಸುವಾಗ ಅವನು ಒಲೆಯ ಪಕ್ಕ ಕೂತು ಮಾರನೆಯ ದಿನದ ಸಾಲನ್ನು ಬಾಯಲ್ಲಿ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಅಷ್ಟೇ, ಮತ್ತೆ ಆ ಮಾತಿಲ್ಲ. ಬೆಳಗಿನ ಜಾವ ಎದ್ದ ಕೂಡಲೇ ಆ ಸಾಲು ಅವಳ ಬಾಯಿಗೆ ತಾನಾಗಿ ಬಂದರೆ ಗೋಡೆಗೂ ಹೋಗುತ್ತಿತ್ತು. ಬಾರದಿದ್ದರೆ ಅಲ್ಲಿಗೇ ಸತ್ತಿತು. "ನೀನೇ ಮರ್ತಿದ್ದನ್ನ ಜನ ಯಾಕೆ ನೆನಪಿಟ್ಕೋತಾರೆ" ಅನ್ನುತ್ತಿದ್ದ ಅವನು.

ಒಂದು ದಿನ ಅವನು ಆ ಕಟ್ಟಳೆ ಮುರಿದ. ಹಲಸೂರಿನಲ್ಲಿ ನಡೆದ ಸಭೆಗೆ ಹೋಗಿದ್ದ. ಅಲ್ಲಿ ಓದಿದವರೊಬ್ಬರು ಅವನ ಸಾಲುಗಳನ್ನು ಕೇಳಿ ನಕ್ಕು, ನಿನ್ನದು ಕ್ರಾಂತಿಯಲ್ಲ, ಲಾಲಿಹಾಡು ಅಂದರು. ಅವನು ಮನೆಗೆ ಬರಲಿಲ್ಲ. ನೆಟ್ಟಗೆ ಗೋಡೆಗೆ ಹೋದ. ಅವರು ಆಡುವಂಥದೇ ಒಂದು ದೊಡ್ಡ ಸಾಲು ಬರೆದ. ಬೆಳಿಗ್ಗೆ ಅದನ್ನು ಹೆಂಡತಿಗೆ ಹೇಳಿ, ಈಗ ನೀನು ಹೇಳು ನೋಡೋಣ ಅಂದ. ಅವಳಿಗೆ ಎರಡು ಮಾತೂ ಹೊರಡಲಿಲ್ಲ. ಅವನು ಜೋರಾಗಿ ನಕ್ಕುಬಿಟ್ಟ. ಹಾಗಾದ್ರೆ ಅಳಿಸಿ ಬಾ ಹೋಗು ಅಂದ. ಅವಳು ಸುಣ್ಣ ಕಲಸಿ ಬಕೀಟು ಹಿಡಿದು ಹೋದಳು. ಅವಳು ಗೋಡೆ ಮುಟ್ಟುವಷ್ಟರಲ್ಲಿ ಅವನನ್ನು ರಾಕ್ಷಸನ ಕಡೆಯವರು ಎತ್ತಿಕೊಂಡು ಹೋಗಿದ್ದರು. ಗೋಡೆಯ ಸುತ್ತ ಜನ ನೆರೆದಿದ್ದರು. ಅವನ ಕೊನೆಯ ಸಾಲು ಅಂತ ಅಳುತ್ತಿದ್ದರು. ಅವಳನ್ನು ಹತ್ತಿರಕ್ಕೆ ಬಿಡಲಿಲ್ಲ.

"ಆಮೇಲೆ?"

"ಆಮೇಲೇನಿಲ್ಲ. ಅದು ಇನ್ನೂ ಅಲ್ಲೇ ಐತೆ. ಯಾರಾದ್ರೂ ಹೋಗಿ ಅಳಿಸಿದ್ರೆ ಕತೆ ಮುಗೀತದೆ. ನೀನು ಅಳಿಸ್ತೀಯ?"

"ಹೂಂ," ಅಂದೆ. ಆಗ ನನಗೆ ಏಳೋ ಎಂಟೋ ವರ್ಷ. ಕತೆಯೊಳಗಿನ ಗೋಡೆ ಕತೆಯೊಳಗೇ ಇರುತ್ತದೆ ಅಂದುಕೊಂಡಿದ್ದೆ.

ಅದು ಗರುಡಾಚಾರ್‌ಪಾಳ್ಯದಲ್ಲಿತ್ತು. ರಾಕ್ಷಸ ಅಂದರೆ ಬೋಲ್ಟು ತಯಾರಿಸುವ ಫ್ಯಾಕ್ಟರಿ, ಗೋಡೆಯವನು ನನ್ನ ತಾತ ಮುನಿರಾಜಪ್ಪ, ಅಕ್ಷರ ಬಾರದ ಹೆಂಡತಿ ನನ್ನ ಅಜ್ಜಿ ಮುನಿವೆಂಕಟಮ್ಮ. ತಾತ ಅಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ, ಅಜ್ಜಿಯೂ ಅಲ್ಲೇ ದುಡಿಯುತ್ತಿದ್ದಳು. ಫ್ಯಾಕ್ಟರಿಯವರು ಅವತ್ತು ಜೀಪಿನಲ್ಲಿ ಎತ್ತಿಕೊಂಡು ಹೋದ ಮೇಲೆ ಅವನು ಜೀವಂತ ಹಿಂದಿರುಗಲಿಲ್ಲ. ಅವತ್ತೇ ಮುಷ್ಕರ ಶುರುವಾಯಿತು. ಕಾರ್ಮಿಕರು ಗೋಡೆಗೆ ಕಾವಲು ನಿಂತರು. ತಾತ ಬರೆದ ನೂರಾರು ಸಾಲುಗಳ ಮೇಲೆ ಅಷ್ಟು ದಿನವೂ ಸುಣ್ಣ ಬಿದ್ದಿತ್ತು. ಬೇಡವೆಂದು ಅವನೇ ಬಿಟ್ಟುಕೊಟ್ಟಿದ್ದ ಈ ಒಂದರ ಮೇಲೆ ಮಾತ್ರ ಬೀಳಲಿಲ್ಲ.

*ಶ್ರಮಿಕ ವರ್ಗದ ಐತಿಹಾಸಿಕ ಮುನ್ನಡೆಯಲ್ಲಿ ಮುಂಚೂಣಿಯೇ ಸರ್ವಸ್ವ.*

ಮುಂದೆ ನಿಂತವರೇ ಎಲ್ಲ ಅಂತ ಅರ್ಥ. ಮುಂದೆ ನಿಂತವರು ಯಾರು ಅನ್ನುವ ಜಗಳದಲ್ಲಿ ಸಂಘ ಒಡೆದು ಎರಡಾಯಿತು. ಎರಡೂ ಕಡೆಯವರು ಇದೇ ಸಾಲನ್ನು ಬ್ಯಾನರಿಗೆ ಬರೆಸಿಕೊಂಡು ಒಬ್ಬರ ತಲೆ ಒಬ್ಬರು ಒಡೆದುಕೊಂಡರು. ಮುಷ್ಕರ ಮುರಿಯಿತು, ಫ್ಯಾಕ್ಟರಿ ಮುಚ್ಚಿತು. ಗೋಡೆ ಉಳಿಯಿತು. ಪ್ರತಿ ವರ್ಷ ತಾತ ತೀರಿಕೊಂಡ ದಿನ ಎರಡು ಸಂಘದವರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹಾರ ಹಾಕುತ್ತಿದ್ದರು. ಅದಕ್ಕೂ ಮುಂಚೆ ಅಕ್ಷರಗಳಿಗೆ ಹೊಸದಾಗಿ ಕೆಂಪು ಆಯಿಲ್ ಪೇಂಟು ತುಂಬುತ್ತಿದ್ದರು. ನನ್ನ ಅಪ್ಪ ಆ ರಸ್ತೆಯಲ್ಲಿ ಗಾಡಿ ಓಡಿಸುತ್ತಲೇ ಇರಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದ.

ನಾನು ಬೆಳೆದೆ. ಇಂದಿರಾನಗರದಲ್ಲಿ ಬಂಗಲೆಯೊಂದು ಆಫೀಸಾಗಿರುವ ಕಡೆ, ಮಕ್ಕಳನ್ನು ಮಲಗಿಸಲು ಮೊಬೈಲಿನಲ್ಲಿ ಕೇಳಿಸುವ ಕತೆಗಳನ್ನು ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ರಾಕ್ಷಸ ಕೊನೆಗೆ ಒಳ್ಳೆಯವನಾಗಬೇಕು. ಇಲ್ಲದಿದ್ದರೆ ಕತೆ ವಾಪಸ್ ಬರುತ್ತದೆ.

ಈ ವರ್ಷ ಅಜ್ಜಿಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ದಿಂಬಿಗೊರಗಿ ಕೂತೇ ನಿದ್ದೆ ಮಾಡಬೇಕಿತ್ತು. ಅದೇ ವಾರ ನನಗೊಂದು ಫೋನು ಬಂತು. ಫ್ಯಾಕ್ಟರಿಯ ಜಾಗದಲ್ಲಿ ಎದ್ದಿರುವ ಗಾಜಿನ ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುವ ಸುಕನ್ಯ ಅನ್ನುವವರು.

"ಮೇಡಂ, ನಿಮ್ ಗ್ರ್ಯಾಂಡ್‌ಫಾದರ್ ಅವರ ಸಾಲನ್ನ ಗ್ರಾನೈಟಲ್ಲಿ ಕೆತ್ತಿಸ್ತಿದ್ದೀವಿ. ಫುಡ್ ಕೋರ್ಟ್ ಮುಂದೆ ನಿಲ್ಲಿಸ್ತೀವಿ, ಪರ್ಮನೆಂಟಾಗಿ. ಪುಣ್ಯತಿಥಿ ದಿನ ಅಜ್ಜಿ ಕೈಲೇ ಪರದೆ ಎಳೆಸೋಣ ಅಂತ. ಎರಡೂ ಸಂಘದವರು ಒಟ್ಟಿಗೆ ಬರೋಕೆ ಒಪ್ಪಿದ್ದಾರೆ, ಫಸ್ಟ್ ಟೈಮ್."

ಅಜ್ಜಿಗೆ ಹೇಳಿದೆ. ಅವಳು ಬಹಳ ಹೊತ್ತು ಉಸಿರನ್ನೇ ಕಾಯುತ್ತಿದ್ದಳು.

"ಕಲ್ಲಿಗೆ ಸುಣ್ಣ ಹಿಡಿಯಲ್ಲ ಕಣೇ," ಅಂದಳು. "ನೀನು ಹೂಂ ಅಂದಿದ್ದೆ."

"ಅಜ್ಜಿ, ಅದು ಕತೆ."

"ನಾನು ನಿನಗೆ ಕತೆ ಯಾವತ್ತು ಹೇಳಿದೆ?"

ಮಾರನೆಯ ದಿನ ಮೆಟ್ರೋ ಹಿಡಿದು ಗರುಡಾಚಾರ್‌ಪಾಳ್ಯಕ್ಕೆ ಹೋದೆ. ಸಂಘದ ಕಚೇರಿ ಒಂದು ಟೈರು ಅಂಗಡಿಯ ಮೇಲಿನ ಕೋಣೆ. ಮಾನಪ್ಪನವರು ಒಬ್ಬರೇ ಕೂತು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದರು. ತಾತನ ಜೊತೆ ಕೆಲಸಕ್ಕೆ ಸೇರಿದಾಗ ಮೀಸೆ ಚಿಗುರುತ್ತಿದ್ದ ಹುಡುಗ. ಈಗ ಹಲ್ಲು ಹೋಗಿ ಕೆನ್ನೆ ಒಳಕ್ಕೆ ಸೇರಿತ್ತು.

"ಮುನಿರಾಜಣ್ಣನ ಮೊಮ್ಮಗಳಾ? ಬಾಮ್ಮ. ಮುಖ ನೋಡಿದ್ರೇ ಗೊತ್ತಾಗತ್ತೆ, ಯಾವಾಗ್ಲೂ ನಿದ್ದೆಯಿಂದ ಎದ್ದಂಗೆ ಇರ್ತಿದ್ದ ಅವನೂ. ಅತ್ತಿಗೆ ಹೆಂಗವ್ರೆ?"

ಹೇಳಿದೆ. ಆಮೇಲೆ ಬಂದ ಕೆಲಸವನ್ನೂ ಹೇಳಿದೆ. ಅವರು ನಕ್ಕರು.

"ಇನ್ನೂ ಬಿಟ್ಟಿಲ್ವಾ ಅದನ್ನ? ಅವತ್ತು ಬಕೀಟು ಹಿಡ್ಕೊಂಡು ಬಂದಾಗ ಕಿತ್ಕೊಂಡಿದ್ದು ನಾನೇ. ಮರ್ಯಾದೆಯಾಗೇ ಕಿತ್ಕೊಂಡೆ. ಅತ್ತಿಗೆ, ಕೂತ್ಕೊಳಿ, ನೀರು ಕುಡೀರಿ ಅಂದೆ."

"ತಾತನೇ ಅಳಿಸು ಅಂದಿದ್ದು ಅಂತ ಅಜ್ಜಿ ಹೇಳಿದ್ದು ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ. ಗಂಡನ್ನ ಎತ್ಕೊಂಡು ಹೋಗವ್ರೆ, ತಲೆ ಕೆಟ್ಟೈತೆ ಪಾಪ ಅಂದ್ಕೊಂಡೆ."

"ಈಗೇನಂತೀರ?"

ಅವರು ಒಂದು ಕುಂಚವನ್ನು ಹಿಂಡಿ, ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ನನಗೊಬ್ಬ ತಮ್ಮ ಇದ್ದ. ಆ ಕಡೆ ಸಂಘ. ಮುಂಚೂಣಿ ನಾವು ಅಂತ ಅವನು, ನಾವು ಅಂತ ನಾನು. ಒಂದೇ ಬೀದಿಲಿದ್ವಿ. ಸತ್ತಾಗ ನಾನು ಮಣ್ಣಿಗೂ ಹೋಗ್ಲಿಲ್ಲ. ಈಗ ನೀನು ಬಂದು, ಆ ಸಾಲು ಅಣ್ಣನೇ ಬೇಡ ಅಂದಿದ್ದು ಅಂತೀಯ. ಇರ್ಬೋದು ಅಂತ್ಲೇ ಇಟ್ಕೋ. ಆವಾಗ ನನ್ನ ತಮ್ಮನ್ನ ನಾನು ಯಾತಕ್ಕೆ ಬಿಟ್ಟೆ? ಹೇಳಮ್ಮ. ನೀನು ಕತೆ ಬರೆಯೋಳಂತೆ."

ಅವರು ಇನ್ನೊಂದು ಕುಂಚವನ್ನು ಸೀಮೆಎಣ್ಣೆಯಿಂದ ಎತ್ತಿದರು.

"ಇನ್ನೊಂದು. ಅಣ್ಣ ಬರೆದಿದ್ದೆಲ್ಲ ಹೋಯ್ತು. ಫೋಟೋನೂ ಒಂದಿಲ್ಲ. ಇದೂ ಹೋದ್ರೆ, ಅಂಥ ಒಬ್ಬ ಮನುಷ್ಯ ಇದ್ದ ಅನ್ನೋದಕ್ಕೆ ಏನೈತೆ?"

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ನಾನು ಕೈಮುಗಿದು ಎದ್ದುಬಂದೆ. ಹಿಂದಿರುಗುವ ದಾರಿಯುದ್ದಕ್ಕೂ ಮೆಟ್ರೋದ ಕಿಟಕಿಯಲ್ಲಿ ನನ್ನ ಮುಖವನ್ನೇ ನೋಡಿಕೊಂಡೆ. ಫೋಟೋ ಇಲ್ಲದ ಮನುಷ್ಯ ಅದರಲ್ಲಿ ಎಲ್ಲಾದರೂ ಇದ್ದಾನೇನೋ ಎಂದು ಹುಡುಕಿದೆ.

ಅಜ್ಜಿ ಎಚ್ಚರವಾಗಿದ್ದಳು. "ಅಳಿಸಿದ್ಯಾ?"

ಮಾನಪ್ಪನವರು ಕೇಳಿದ್ದನ್ನೇ ಅವಳನ್ನು ಕೇಳಿದೆ. ಅದೂ ಹೋದರೆ ತಾತನದು ಅಂತ ಏನು ಉಳಿಯುತ್ತೆ ಅಜ್ಜಿ?

"ಏನೂ ಇಲ್ಲ," ಅಂದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ, ಅಕ್ಕಿ ಮುಗಿದಿದೆ ಅನ್ನುವ ಹಾಗೆ ಹೇಳಿದಳು. "ಮೆಷಿನ್ನಿಗೆ ದಿನಾ ಎಣ್ಣೆ, ನಮ್ಮ ತಲೆಗೆ ಹಬ್ಬಕ್ಕೆ ಎಣ್ಣೆ ಅಂತ ನಿಮ್ಮ ತಾತ ಬರೆದಿದ್ರು. ಅವತ್ತು ಹೆಂಗಸರೆಲ್ಲ ತಲೆ ಮುಟ್ಕೊಂಡು ಮುಟ್ಕೊಂಡು ನಕ್ಕಿದ್ರು. ಮಧ್ಯಾಹ್ನ ಊಟದ ಹೊತ್ತು ಜಾಸ್ತಿ ಮಾಡಿ ಅಂತ ಕೇಳೋಕೆ ಸಾಬ್ರ ಹೆಂಗಸರೂ ನಮ್ಮೋರೂ ಒಟ್ಟಿಗೆ ಹೋಗಿದ್ವಿ. ಕೊಟ್ರು. ಆ ಸಾಲು ಸಂಜೆಗೆ ಹೋಗಿತ್ತು. ಹೋದ್ರೇನು. ಇದು ಉಳೀತು. ಉಳಿದು ಏನು ಮಾಡ್ತು?"

ಅಷ್ಟು ಮಾತಾಡಿದ್ದಕ್ಕೆ ಅವಳಿಗೆ ಏದುಸಿರು ಬಂತು. ಬೆನ್ನು ಸವರುತ್ತ ಕೂತೆ.

"ಇನ್ನೊಂದು ಸಾಲು ಹೇಳಜ್ಜಿ."

"ಸೈರನ್ ಕೂಗಿದ್ರೆ ನಾವು ಓಡ್ತೀವಿ, ಮಗು ಕೂಗಿದ್ರೆ ಯಾರು ಓಡ್ಬೇಕು." ದಿಂಬಿಗೆ ಒರಗಿದಳು. "ಇನ್ನೂ ಇದ್ವು. ಒಂದೊಂದಾಗಿ ಹೋಗ್ತಾ ಅವೆ. ಬೆಳಿಗ್ಗೆ ಎದ್ದು ಬಾಯಿ ತೆಗೆದ್ರೆ ಬರಲ್ಲ."

"ಅಳಿಸ್ತೀನಿ," ಅಂದೆ.

"ಹೂಂ," ಅಂದಳು ಅವಳು. ಮೊದಲ ಸಲ ಹೂಂಗುಟ್ಟುವ ಕೆಲಸವನ್ನು ಅವಳು ತೆಗೆದುಕೊಂಡಿದ್ದಳು.

ಆ ವಾರ ಮುಗಿಯುವುದರೊಳಗೆ ಅಜ್ಜಿ ತೀರಿಕೊಂಡಳು. ದಿಂಬಿಗೆ ಒರಗಿದ್ದ ಹಾಗೇ. ಕಲ್ಲಹಳ್ಳಿಯ ಚಿತಾಗಾರದಲ್ಲಿ ನಮ್ಮ ಸರದಿಗೆ ಕಾಯುವಾಗ ಎರಡೂ ಸಂಘದವರ ಹಾರಗಳು ಬಂದವು. ಎರಡರ ರಿಬ್ಬನ್ನಿನ ಮೇಲೂ ಆ ಸಾಲಿತ್ತು. ಅವಳು ಯಾವತ್ತೂ ಹೇಳಲಾರದೆ ಹೋದ ಆ ಸಾಲು ಅವಳ ಎದೆಯ ಮೇಲೆ ಕೂತು ಒಳಗೆ ಹೋಯಿತು. ಅದನ್ನು ನಾನು ತಡೆಯಲಿಲ್ಲ. ತಡೆಯಬೇಕೆಂದು ಹೊಳೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಪುಣ್ಯತಿಥಿಯ ಹಿಂದಿನ ದಿನ ಸುಕನ್ಯ ಅವರ ಮುಂದೆ ಹೋಗಿ ನಿಂತೆ. ಆಫೀಸಿನಲ್ಲಿ ಕಾಫಿಯ ವಾಸನೆ, ಎಸಿಯ ಚಳಿ. ಮೂಲೆಯಲ್ಲಿ ಬಬಲ್ ಶೀಟು ಸುತ್ತಿದ ಗ್ರಾನೈಟು ಗೋಡೆಗೊರಗಿ ನಿಂತಿತ್ತು. ಒಳಗಿನ ಅಕ್ಷರಗಳು ನೀರಿನಡಿಯಿಂದ ಕಂಡ ಹಾಗೆ ಕಾಣುತ್ತಿದ್ದವು.

"ಸಾರಿ ಮೇಡಂ, ಅಜ್ಜಿ ವಿಷ್ಯ ಕೇಳ್ದೆ. ನಾಳೆ ನೀವೇ ಪರದೆ ಎಳೀಬೇಕು."

"ಈ ಕಲ್ಲಿನ ಮೇಲೆ ಬೇರೆ ಸಾಲು ಹಾಕೋಕಾಗುತ್ತಾ?" ಕೇಳಿದೆ. "ತಾತಂದೇ. ಇದಕ್ಕಿಂತ ಒಳ್ಳೇದು."

"ಅಯ್ಯೋ, ಕೆತ್ತಿ ಆಯ್ತಲ್ಲ. ಅಪ್ರೂವಲ್ ಆಗಿರೋದು ಇದಕ್ಕೇ." ದನಿ ತಗ್ಗಿಸಿದರು. "ನಮ್ ಬಾಸ್‌ಗೆ ಇದು ತುಂಬಾ ಇಷ್ಟ ಆಗ್ಬಿಟ್ಟಿದೆ. ಮುಂಚೂಣಿ ಅಂದ್ರೆ ಲೀಡರ್‌ಶಿಪ್ ಅಲ್ವಾ. ಟ್ರೇನಿಂಗ್ ರೂಮಿಗೂ ಒಂದು ಹಾಕಿಸಿ ಅಂದಿದ್ದಾರೆ."

ಅವರು ಒಳ್ಳೆಯವರು. ನನ್ನ ಮುಖ ಬಾಡಿದ್ದನ್ನು ಕಂಡು ನೀರು ತರಿಸಿದರು.

"ಹಾಗಾದ್ರೆ ಒಂದು ಕೇಳ್ಲಾ? ಹೊರಗಿನ ಗೋಡೆಗೆ ನಾನು ಸುಣ್ಣ ಹೊಡೀಬೇಕು. ಆ ಅಕ್ಷರಗಳ ಮೇಲೆ. ಅಜ್ಜಿಗೆ ಮಾತು ಕೊಟ್ಟಿದ್ದೆ."

ಬೇಡ ಅನ್ನುತ್ತಾರೆ, ಸೆಕ್ಯುರಿಟಿಯನ್ನು ಕರೆಯುತ್ತಾರೆ, ನಾನು ಓಡಿಹೋಗಿ ಸುಣ್ಣ ಎರಚುತ್ತೇನೆ ಅಂತೆಲ್ಲ ರಾತ್ರಿಯಿಡೀ ಕನಸು ಕಂಡಿದ್ದೆ.

"ಹೊಡ್ಕೊಳಿ," ಅಂದರು ಸುಕನ್ಯ. "ಆ ಗೋಡೆ ಹೆಂಗಿದ್ರೂ ಸೋಮವಾರ ಒಡೀತಿದ್ದಾರೆ. ಗೇಟ್ ದೊಡ್ಡದು ಮಾಡ್ಬೇಕಲ್ಲ. ಅದಕ್ಕೇ ತಾನೇ ಈ ಕಲ್ಲು."

ಸುಣ್ಣವನ್ನು ಶಿವಾಜಿನಗರದಿಂದ ತಂದಿದ್ದೆ. ಬಕೀಟಿಗೆ ಹಾಕಿ ನೀರು ಹೊಯ್ದಾಗ ಅದು ಕುದಿಯಿತು, ಅಜ್ಜಿಯ ಕತೆಗಳಲ್ಲಿ ಮಂತ್ರದ ಕೊಳ ಕುದಿಯುವ ಹಾಗೆ. ತಣ್ಣಗಾದ ಮೇಲೆ ಗೋಂದು ಕಲಸಿ, ಬಟ್ಟೆಯಲ್ಲಿ ಸೋಸಿ, ಗೋಡೆಯ ಮುಂದೆ ಇಟ್ಟುಕೊಂಡೆ. ಚುರುಗುಟ್ಟುವ ಬಿಸಿಲು. ಕೊರಳಿಗೆ ಕಾರ್ಡು ಹಾಕಿಕೊಂಡವರು ಊಟಕ್ಕೆ ಹೋಗಿಬರುತ್ತಿದ್ದರು. ಯಾರೂ ನಿಂತು ನೋಡಲಿಲ್ಲ. ಗೋಡೆಗೆ ಸುಣ್ಣ ಹೊಡೆಯುವವಳನ್ನು ನಿಂತು ನೋಡುವವರು ಯಾರು?

ಬ್ರಷ್ಷು ಅದ್ದಿ ಮೊದಲ ಅಕ್ಷರದ ಮೇಲೆ ಎಳೆದೆ. ಸುಣ್ಣ ನಿಲ್ಲಲಿಲ್ಲ. ಪೇಂಟಿನ ಮೇಲಿಂದ ಹನಿಹನಿಯಾಗಿ ಜಾರಿ ಕೆಳಗಿಳಿಯಿತು. ಮತ್ತೆ ಎಳೆದೆ. ಮತ್ತೆ ಜಾರಿತು. ಕೆಂಪು ಅಕ್ಷರಗಳು ಮುಖ ತೊಳೆದುಕೊಂಡವರ ಹಾಗೆ ಮೊದಲಿಗಿಂತ ಹೊಳೆದವು.

"ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲಲ್ಲಮ್ಮ."

ಮಾನಪ್ಪನವರು ಹಿಂದೆ ನಿಂತಿದ್ದರು. ಕೈಯಲ್ಲಿ ಕೆಂಪು ಬಣ್ಣದ ಡಬ್ಬ, ಕಂಕುಳಲ್ಲಿ ಚೀಲ. ನಾಳೆಯ ದಿನಕ್ಕೆ ಅಕ್ಷರ ತುಂಬಲು ಬಂದಿದ್ದರು. ಈಗ ಬಕೀಟು ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಅವರು ಗೋಡೆಯನ್ನೂ ನನ್ನನ್ನೂ ನೋಡುತ್ತ ಫುಟ್‌ಪಾತಿನ ಅಂಚಿನಲ್ಲಿ ಕೂತರು.

"ಗೇಟಿನವನು ಹೇಳ್ದ. ಇನ್ಮೇಲೆ ನೀವು ಬರೋದು ಬೇಡ ಸಾರ್, ಕಲ್ಲು ಬಂದೈತಲ್ಲ ಅಂತ." ಡಬ್ಬವನ್ನು ಪಕ್ಕಕ್ಕಿಟ್ಟರು. "ಸೋಮವಾರ ಒಡೀತಾರಂತಲ್ಲ."

"ಹೂಂ."

"ಗೊತ್ತಿದ್ದೂ ಹೊಡೀತಿದ್ದೀಯ?"

"ಹೂಂ."

ಅವರು ಚೀಲಕ್ಕೆ ಕೈಹಾಕಿ ಉಪ್ಪುಕಾಗದದ ಒಂದು ಹಾಳೆ ತೆಗೆದು ನಡುವೆ ಹರಿದರು. ಹಳೆಯ ಬಣ್ಣದ ಸಿಪ್ಪೆ ಉಜ್ಜಿ ಹೊಸದು ಬಳಿಯಲು ಪ್ರತಿ ವರ್ಷ ತರುತ್ತಿದ್ದದ್ದು. ಅರ್ಧ ನನಗೆ ಕೊಟ್ಟರು.

"ಸುಮ್ನೆ ಮೇಲೆ ಮೇಲೆ ಉಜ್ಜಬೇಡ. ತಿರುಗಿಸಿ ಉಜ್ಜು. ಪದರದ ಮೇಲೆ ಪದರ ಅದೆ. ಎಲ್ಲಾ ನಾನೇ ಬಳಿದಿದ್ದು."

ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಉಜ್ಜಿದೆವು. ಕೆಂಪು ಪುಡಿ ಅವರ ಬಿಳಿ ಹುಬ್ಬಿನ ಮೇಲೆ ಕೂತಿತು. ಒಳಗೆ ಇನ್ನೊಂದು ಕೆಂಪು, ಅದರೊಳಗೆ ಕಿತ್ತಳೆ, ಯಾವುದೋ ವರ್ಷ ಅಗ್ಗಕ್ಕೆ ಸಿಕ್ಕಿದ್ದಂತೆ. ಎಲ್ಲಕ್ಕಿಂತ ತಳದಲ್ಲಿ ತಾತನ ಕೆಮ್ಮಣ್ಣು ಸಿಗಬಹುದು, ಅವನ ಕೈ ಎಳೆದ ಒಂದು ಗೆರೆಯಾದರೂ ಕಾಣಬಹುದು ಅನ್ನುವ ಆಸೆ ನನಗೆ. ಕೊನೆಯ ಪದರ ಹೋದ ಮೇಲೆ ಸಿಕ್ಕಿದ್ದು ಬರಿಯ ಗಾರೆ. ಕೆಮ್ಮಣ್ಣನ್ನು ಯಾವತ್ತೋ ಪೇಂಟು ನುಂಗಿತ್ತು.

"ಇಲ್ಲಾ ಅಲ್ವಾ?" ಅಂದರು ಮಾನಪ್ಪ. ಅವರೂ ಅದನ್ನೇ ಹುಡುಕುತ್ತಿದ್ದರು.

"ಇಲ್ಲ."

*ಸರ್ವಸ್ವ* ಅನ್ನುವುದನ್ನು ಅವರೇ ತೆಗೆದರು. *ಮುಂಚೂಣಿ* ಬಂದಾಗ ಅವರ ಕೈ ನಿಂತಿತು. ಅದನ್ನು ನಾನು ಉಜ್ಜಿದೆ. ಅವರು ಬೆನ್ನು ತಿರುಗಿಸಿ ನಿಂತು ಮೂಗು ಒರೆಸಿಕೊಂಡರು. ತಮ್ಮನ ಹೆಸರು ಹೇಳಿದರೋ, ಬರೀ ಕೆಮ್ಮಿದರೋ.

ಆಮೇಲೆ ಸುಣ್ಣ. ಒಂದು ಸಲ ಅಡ್ಡ, ಒಂದು ಸಲ ಉದ್ದ. ಬೆರಳ ಸಂದುಗಳು ಉರಿಯುತ್ತಿದ್ದವು.

"ಆ ಮೂಲೆ ಬಿಟ್ಟೆ ನೋಡು," ಅಂದರು. ಅಲ್ಲಿಗೂ ಬಳಿದೆ.

ಹಸಿ ಸುಣ್ಣ ಏನನ್ನೂ ಮುಚ್ಚುವುದಿಲ್ಲ, ಒಣಗಬೇಕು. ಒದ್ದೆ ಗೋಡೆಯಲ್ಲಿ ಉಜ್ಜಿದ ಗಾಯಗಳೆಲ್ಲ ಕಾಣುತ್ತಿದ್ದವು, ಬೇಕೆಂದವರು ಇನ್ನೂ ಓದಬಹುದಿತ್ತು. ಇಬ್ಬರೂ ಫುಟ್‌ಪಾತಿನ ಮೇಲೆ ಕೂತೆವು. ಗಾಜಿನ ಕಟ್ಟಡದೊಳಗೆ ಊಟದ ಹೊತ್ತು ಮುಗಿದು ಎಲ್ಲರೂ ಒಳಗೆ ಹೋಗಿದ್ದರು. ಈಗ ಅವರನ್ನು ಕರೆಯಲು ಯಾರೂ ಕೂಗಬೇಕಾಗಿರಲಿಲ್ಲ, ತಾವಾಗಿಯೇ ಹೋಗಿದ್ದರು.

"ಅಣ್ಣಂದು ಒಂದು ಹೇಳಮ್ಮ," ಅಂದರು ಮಾನಪ್ಪ. "ಅತ್ತಿಗೆ ಹೇಳಿರ್ತಾರಲ್ಲ."

"ಸೈರನ್ ಕೂಗಿದ್ರೆ ನಾವು ಓಡ್ತೀವಿ, ಮಗು ಕೂಗಿದ್ರೆ ಯಾರು ಓಡ್ಬೇಕು."

"ಹೂಂ." ಅವರ ತುಟಿಗಳು ಅದನ್ನು ಸದ್ದಿಲ್ಲದೆ ಆಡಿ ನೋಡಿದವು. "ಇದನ್ನ ನಾನೇ ಶೆಡ್‌ನಲ್ಲಿ ಎಲ್ರಿಗೂ ಹೇಳ್ಕೊಂಡು ಬಂದಿದ್ದೆ. ಮರ್ತೇ ಹೋಗಿತ್ತು."

"ನಾಳೆ ಬೆಳಿಗ್ಗೆ ಬಾಯಿಗೆ ಬರುತ್ತಾ?"

"ಯಾರಿಗೆ ಗೊತ್ತಮ್ಮ," ಅಂದರು. "ವಯಸ್ಸಾಯ್ತು."

ಬಿಸಿಲು ಬಲಗಡೆಯಿಂದ ಗೋಡೆಯನ್ನು ಒಣಗಿಸುತ್ತ ಬಂತು. ಬೂದಿ ಬಣ್ಣ ಹೋಗಿ ಬಿಳಿ ಏರಿತು. ಮೊದಲು ಕೊನೆಯ ಪದ ಮಾಯವಾಯಿತು, ಆಮೇಲೆ ಅದರ ಹಿಂದಿನದು. ಮಾನಪ್ಪನವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಎಡತುದಿಯಲ್ಲಿ ಒಂದೇ ಒಂದು ಅಕ್ಷರದ ನೆರಳು ಬಹಳ ಹೊತ್ತು ಹಟ ಮಾಡಿ ನಿಂತಿತ್ತು. ಎದ್ದು ಹೋಗಿ ಅಂಗೈಯಿಂದ ಮುಟ್ಟಿ ನೋಡಿದೆ, ಇನ್ನೂ ತಣ್ಣಗಿತ್ತು. ಕೈ ಹಾಗೇ ಇಟ್ಟುಕೊಂಡು ಕಾದೆ. ಅಂಗೈಯ ಕೆಳಗೆ ಗೋಡೆ ಬೆಚ್ಚಗಾಯಿತು. ಕೈ ತೆಗೆದಾಗ ಅಲ್ಲಿ ಏನೂ ಇರಲಿಲ್ಲ.